ಟಿವಿಗೆ ಬೆನ್ನು ಹಾಕಿದ ಅಕ್ಕ

ಮೂಡಲಪಾಳ್ಯದ ನಮ್ಮ ಎದುರುಮನೆಯ ಅಕ್ಕನ ಮಗ ದೇಶದ ದೊಡ್ಡ ಫುಟ್‌ಬಾಲ್ ಲೀಗಿನಲ್ಲಿ ಗೋಲ್‌ಕೀಪರ್. ಆ ಸೀಸನ್ ಪೂರ್ತಿ, ಪಂದ್ಯವಿದ್ದ ಸಂಜೆ ಅವರು ಸೊಪ್ಪಿನ ಕಟ್ಟು ಹಿಡಿದು ನಮ್ಮ ಮನೆಗೆ ಬಂದು, ಟಿವಿಗೆ ಬೆನ್ನು ಹಾಕಿ ಸೋಸುತ್ತ ಕೂರುತ್ತಿದ್ದರು.

"ಏನಾಯ್ತು ಅಂತ ಹೇಳ್ಬೇಡ ಕಣೇ, ಮುಗೀತಾ ಅಷ್ಟೇ ಹೇಳು."

ಕೊನೆಯ ಪಂದ್ಯ ಸೋತರೆ ಮುಂದಿನ ವರ್ಷ ತಂಡದಲ್ಲಿ ತನಗೆ ಜಾಗವಿಲ್ಲವೆಂದು ಮಗನೇ ಹೇಳಿದ್ದ. ಆಟ ಸಮವಾಗಿದ್ದಾಗ, ಕೊನೆಯ ನಿಮಿಷದಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಎದುರಾಳಿ ಆಟಗಾರ ಚೆಂಡು ಒದೆಯುತ್ತಿದ್ದಂತೆ ಬೀದಿಯ ಮನೆಗಳಿಂದೆಲ್ಲ ಹೋ ಎಂಬ ಕೂಗು ಎದ್ದಿತು. ಅಕ್ಕ ಎಲೆ ಬಿಟ್ಟು ದಂಟನ್ನೇ ಪಾತ್ರೆಗೆ ಹಾಕಿದರು.

"ಬಿಟ್ಬಿಟ್ನಾ?"

"ಇಲ್ಲಕ್ಕಾ, ಹಿಡಿದ. ಆ ಕೂಗು ಕ್ರಿಕೆಟ್‌ಗೆ."

ಅವರು ಮೊದಲ ಸಲ ಟಿವಿಯತ್ತ ತಿರುಗಿ ಮಗನನ್ನು ನೋಡಿದರು. ಆಮೇಲೆ ಕಿಟಕಿಯತ್ತ ನೋಡಿದರು.

"ಮತ್ತೆ ಇವನಿಗ್ಯಾಕೆ ಯಾರೂ ಕೂಗ್ಲಿಲ್ಲ?"