‘ಹೋಯ್ ಬತ್ತೆ’ ಎಂದರೆ ಅಪ್ಪಣೆಯೇ?

ಕಾನೂನು ಓದದವನಿಗೂ ತೀರ್ಪು ಓದುವ ಚಟ ಹತ್ತಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕುಂದಾಪುರದ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ಹೈಕೋರ್ಟಿನ ಹೊಸ ತೀರ್ಪುಗಳ ವಾರಪತ್ರಿಕೆ ಮದ್ರಾಸಿನಿಂದ ಅಂಚೆಯಲ್ಲಿ ಬರುತ್ತಿತ್ತು. ಕಾಗದದ ಅಭಾವದಿಂದ ಅದು ಹಪ್ಪಳದಷ್ಟು ತೆಳ್ಳಗಾಗಿದ್ದರೂ ನನ್ನ ಭಕ್ತಿ ತೆಳ್ಳಗಾಗಿರಲಿಲ್ಲ. ದತ್ತಕ, ಗೇಣಿ, ಅಳಿಯಸಂತಾನದ ಪಾಲು, ಎಲ್ಲವನ್ನೂ ವಕೀಲರಿಗಿಂತ ಮೊದಲು ಬಿಚ್ಚಿ ಓದಿ, ಅರ್ಧ ಅರ್ಥವಾದದ್ದನ್ನು ಸಂಜೆ ಹೋಟೆಲಿನಲ್ಲಿ ಪೂರ್ತಿ ಅರ್ಥವಾದವನಂತೆ ವಿವರಿಸುತ್ತಿದ್ದೆ. ಕೇಳುವವರಿಗೆ ಇನ್ನೂ ಕಡಿಮೆ ಗೊತ್ತಿದ್ದುದರಿಂದ ಮರ್ಯಾದೆ ಉಳಿದಿತ್ತು.

ಅದಕ್ಕೆ ಸಂಚಕಾರ ತಂದವರು ಮರವಂತೆಯ ಗಿರಿಜಕ್ಕ. ಬಸಳೆ, ಸೌತೆ ಬೆಳೆದು ಮಾರಿ ಬದುಕುವ ವಿಧವೆ. ಹೊಳೆಯ ದೋಣಿಗೆ ಹೋಗಲು ನೆರೆಮನೆಯ ದುಗ್ಗಮ್ಮನ ಅಂಗಳವೇ ದಾರಿ. ಮದುವೆಯಾಗಿ ಬಂದಂದಿನಿಂದ ಮೂವತ್ತು ವರ್ಷ ಅಲ್ಲೇ ನಡೆದಿದ್ದರು. ದುಗ್ಗಮ್ಮನ ಮಗ ಶೀನ ಬೊಂಬಾಯಿಯಿಂದ ಊರಿಗೆ ಬಂದವನೇ ಅಂಗಳಕ್ಕೆ ಬೇಲಿ ಕಟ್ಟಿದ. ಮೊಣಕಾಲು ನೋವಿನ ಗಿರಿಜಕ್ಕ ಗದ್ದೆ ಬಳಸಿ ಬರುವಷ್ಟರಲ್ಲಿ ದೋಣಿ ಹೋಗಿರುತ್ತಿತ್ತು, ಅಂದಿನ ಸಂತೆಯೂ ತಪ್ಪುತ್ತಿತ್ತು. ಕೊನೆಗೆ ನಮ್ಮ ವಕೀಲರ ಮೂಲಕ ದಾವೆ ಹೂಡಿದರು.

ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದರೆ ದಾರಿ ಹಕ್ಕಾಗುತ್ತದೆ. ಅಪ್ಪಣೆ ಕೇಳಿ ನಡೆದಿದ್ದರೆ ಮಾತ್ರ ನೂರು ವರ್ಷವಾದರೂ ಇಲ್ಲ. ಇದೇ ವಿಷಯದ ತೀರ್ಪೊಂದು ಆಗಷ್ಟೇ ಪತ್ರಿಕೆಯಲ್ಲಿ ಬಂದಿತ್ತು. ನಾನು ದೊಡ್ಡ ಪಂಡಿತನಂತೆ ಗಿರಿಜಕ್ಕನಿಗೆ ಪಾಠ ಹೇಳಿದೆ: “ಕೇಳಿ ಹೋತಿದ್ದೆ ಅಂದ್ ಮಾತ್ರ ಹೇಳ್ಬೇಡಿ, ಅಕ್ಕ.”

ಸಾಕ್ಷಿಕಟ್ಟೆಯಲ್ಲಿ ಶೀನನ ವಕೀಲರು ಜಾಣತನದಿಂದ ಬೇರೆಯೇ ಪ್ರಶ್ನೆ ಹಾಕಿದರು. “ಅಂಗಳ ದಾಟುವಾಗ ಏನಾದರೂ ಹೇಳುತ್ತಿದ್ದಿರಾ?”

“ಹೇಳ್ದೆ ಹೋಪುದ್ ಹ್ಯಾಂಗೆ? ದಿನಾ ‘ಹ್ವಾಯ್ ದುಗ್ಗಮ್ಮ, ಹೋಯ್ ಬತ್ತೆ’ ಅಂತಿದ್ದೆ. ಅವ್ರ್ ‘ಹ್ಞೂಂ, ಹೋಯ್ ಬನ್ನಿ’ ಅಂತಿದ್ರ್.”

ಮೂವತ್ತು ವರ್ಷದ ಹಕ್ಕು ಒಂದು ಒಳ್ಳೆಯ ಮಾತಿನಿಂದ ಮುಳುಗಿತು. ನಮ್ಮ ವಕೀಲರು ನನ್ನನ್ನು ನೋಡಿದರು. ನಾನು ಮಾಡಿನ ಹಂಚು ನೋಡಿದೆ.

ಗೆದ್ದೇಬಿಟ್ಟೆವೆಂದು ಎದುರು ವಕೀಲರು ದುಗ್ಗಮ್ಮನನ್ನೂ ಸಾಕ್ಷಿಗೆ ಕರೆಸಿದರು. “ಗಿರಿಜಮ್ಮ ದಿನವೂ ನಿಮ್ಮ ಅಪ್ಪಣೆ ಕೇಳುತ್ತಿದ್ದರಲ್ಲವೇ?”

“ಅಪ್ಪಣೆಯಾ? ಅಪ್ಪಣೆ ಕೊಡುಕೆ ನಾನ್ ಎಂತ ದೇವ್ರಾ? ಅವ್ರ್ ಕೇಂಬುದಲ್ಲ ಮಾರಾಯ್ರೆ, ಹೇಳುದ್.”

“ನೀವು ಬೇಡ ಎಂದಿದ್ದರೆ?”

“ಬ್ಯಾಡ ಅಂದ್ರೂ ಹೋತಿದ್ರ್. ಅವ್ರ್ ದಾರಿ ಅಲ್ದಾ? ಒಂದಿನ ಅವ್ರ್ ದನಿ ಕೇಳ್ದೆ ಇದ್ರೆ, ಹುಷಾರಿಲ್ಯಾ ಅಂದೇಳಿ ನಾನೇ ಕಾಂಬುಕೆ ಹೋತಿದ್ದೆ.”

ಮುನ್ಸೀಫರು ಬರೆಯುವುದನ್ನು ನಿಲ್ಲಿಸಿ, “ಈಗ?” ಎಂದರು.

“ಬೇಲಿ ಕಟ್ಟಿದ್ ಮೇಲೆ ದನಿಯೇ ಇಲ್ಲೆ,” ಎಂದ ದುಗ್ಗಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡರು. ಶೀನ ತಲೆ ತಗ್ಗಿಸಿದ.

ಹೇಳಿ ಹೋಗುವುದು ನೆರೆಹೊರೆಯ ಸೌಜನ್ಯವೇ ಹೊರತು ಅಪ್ಪಣೆ ಕೇಳಿದಂತಲ್ಲ ಎಂದು ತೀರ್ಪಾಯಿತು. ಅಪೀಲು ಹೋಗೋಣವೆಂದು ಶೀನನ ವಕೀಲರು ಹುರಿದುಂಬಿಸಿದರೆ, ಅವನು ಕೈ ಮುಗಿದುಬಿಟ್ಟ. “ಹೆತ್ತ ಅಬ್ಬಿ ನನ್ನತ್ರ ಮಾತಾಡ್ದೆ ಒಂದ್ ವಾರ ಆಯ್ತ್. ಇನ್ನ್ ಅಪೀಲ್ ಎಂತಕೆ?” ಮರುದಿನ ಬೇಲಿಯ ಗೂಟಗಳನ್ನು ತಾನೇ ಕಿತ್ತನಂತೆ.

ನಮ್ಮ ವಕೀಲರು ಈ ಗೆಲುವನ್ನು ತಮ್ಮ ವಾದದ ಬಲವೆಂದೇ ಹೇಳಿಕೊಂಡರು. ನಾನೂ ಹೋಟೆಲಿನಲ್ಲಿ ಹಾಗೆಯೇ ಹೇಳಿದೆ. ಅವರ ಅನ್ನ ತಿನ್ನುವವನು ನಾನು. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಹಕ್ಕು ಒಂದು ಕಡೆ, ಅಪ್ಪಣೆ ಇನ್ನೊಂದು ಕಡೆ, ನಡುವೆ ಕಾನೂನು ಜಾಗವನ್ನೇ ಬಿಟ್ಟಿಲ್ಲ. ನಮ್ಮೂರಿನವರು ಬಹುಪಾಲು ಆ ನಡುವಿನಲ್ಲೇ ಓಡಾಡಿಕೊಂಡಿದ್ದಾರೆ.