ಮಂಕಾಗಲೆಂದು ಹಚ್ಚುವ ಬಲ್ಬು

ಮೊನ್ನೆ ನಾಯ್ಮಾರ್ಮೂಲೆಯ ಅಂಗಡಿಯೊಂದರಲ್ಲಿ ನನಗೆ ಎರಡು ಬಲ್ಬು ಸಿಕ್ಕಿತು. ಹಳೇ ಕಾಲದ್ದು, ಒಳಗೆ ತಂತಿ ಇರುವಂಥದ್ದು, ನೂರು ವಾಟಿನದ್ದು. ಅಂಗಡಿಯವ ಮೇಲಿನ ಕಪಾಟಿನಿಂದ ಇಳಿಸಿ, ರಟ್ಟಿನ ಧೂಳು ಊದಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ತಂತಿ ಕಡಿದಿದ್ದರೆ ಟಿಣ್ ಎನ್ನುತ್ತದೆ. ಎನ್ನಲಿಲ್ಲ.

“ಇದು ಎಂತಕ್ಕೆ ಮೇಡಂ? ಎಲ್‌ಇಡಿ ಉಂಟಲ್ಲ. ಇದು ಕರೆಂಟು ತಿಂತದೆ, ಬೆಳಕು ಅಷ್ಟಕ್ಕಷ್ಟೆ.”

“ನನಗೆ ಬೆಳಕು ಬೇಡ,” ಎಂದೆ.

ಅವನು ನನ್ನನ್ನು ಹೇಗೆ ನೋಡಿದ ಎಂದು ಹೇಳಬೇಕಾಗಿಲ್ಲ; ನೀವೂ ಈಗ ಹಾಗೆಯೇ ನೋಡುತ್ತಿದ್ದೀರಿ. ಸ್ವಲ್ಪ ತಾಳಿ. ಬೆಳಕಿಗಲ್ಲದೆ ಮಂಕಾಗಲಿ ಎಂದೇ ಬಲ್ಬು ಹಚ್ಚುವ ಒಬ್ಬ ಮನುಷ್ಯ ಇದೇ ಪೇಟೆಯಲ್ಲಿದ್ದಾನೆ. ಅವನಿಗೂ ನನಗೂ ಬಾಯಾರಿನ ನನ್ನ ಮಾವನಿಗೂ ನಡುವೆ ನಾಲ್ಕು ವರ್ಷದಿಂದ ಒಂದು ಮಾತು ಬಾಕಿ ಇತ್ತು. ಅದು ನಾನು ಆಡಬೇಕಾಗಿದ್ದ ಮಾತು.

ಮಾತು ಬಾಕಿ ಇಡುವ ಜಾತಿಯಲ್ಲ ನಾನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲೆಯೇ ನನ್ನ ಅಭಿಪ್ರಾಯ ಯಾವುದೆಂದು ನನಗೂ ತಿಳಿಯುತ್ತಿದ್ದದ್ದು. ತಿಳಿದ ಮೇಲೆ ಮಾತ್ರ ಅದಕ್ಕಾಗಿ ಪ್ರಾಣ ಬಿಡಲೂ ತಯಾರು. ಜಾತಕ, ಕಷಾಯ, ಬೆಕ್ಕು ಅಡ್ಡ ಹೋದದ್ದು, ಯಾವುದಕ್ಕೂ ಪುರಾವೆ ಕೇಳದೆ ಬಿಟ್ಟವಳಲ್ಲ. ಈಗ ಕಾಸರಗೋಡಿನಲ್ಲಿ ವಕೀಲರೊಬ್ಬರ ಜೂನಿಯರ್ ಆಗಿದ್ದೇನೆ. ಬೇರೆ ಎಲ್ಲಿ ಹೋಗುವುದು?

ಮಾವ ಎಂದರೆ ಅಮ್ಮನ ಅಣ್ಣ. ಸೌದಿಯ ದಮ್ಮಾಮಿನ ಒಂದು ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದು ಊರಿಗೆ ಮರಳುವಾಗ ಅವರು ತಂದದ್ದು ಒಂದು ಪವರ್ ಆಂಪ್ಲಿಫೈಯರು. ಅದರಲ್ಲಿ ರೇಡಿಯೊ ಇಲ್ಲ, ಕ್ಯಾಸೆಟ್ ಇಲ್ಲ. ಎಲ್ಲಿಂದಲೋ ಬಂದ ಸಣ್ಣ ಸ್ವರವನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವುದು, ಅಷ್ಟೇ ಅದರ ಉದ್ಯೋಗ. ಅಷ್ಟಕ್ಕೇ ಇಬ್ಬರು ಹಿಡಿದು ಎತ್ತುವ ಭಾರ. ಜಪಾನಿನದ್ದು, ಮಾವನ ಕೈಗೆ ಬರುವಾಗಲೇ ಮುದುಕ. ವಿಮಾನದಲ್ಲಿ ತೂಕ ಮೀರಿತೆಂದು ಬಟ್ಟೆಯ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಇದನ್ನು ತಂದರಂತೆ. “ಊರಿಡೀ ಗಂಡಸರು ಚಿನ್ನ ತಂದರು,” ಅತ್ತೆ ಇವತ್ತಿಗೂ ಹೇಳುತ್ತಾರೆ, “ಇವರು ಕಬ್ಬಿಣ ತಂದರು. ಉಟ್ಟ ಬಟ್ಟೆಯಲ್ಲಿ.”

ಅದನ್ನು ಹಾಕುವುದಕ್ಕೆ ಮಾವನದ್ದೊಂದು ಕ್ರಮ ಉಂಟು. ಕೈ ತೊಳೆದು, ಪಂಚೆಗೆ ಒರೆಸಿ, ಸ್ವಿಚ್ಚು ಒತ್ತಿ, ಕುರ್ಚಿಗೆ ಬಂದು ಕೂರುವುದು. ಐದು ಸೆಕೆಂಡು ಏನೂ ಇಲ್ಲ. ತನ್ನೊಳಗೆ ಎಲ್ಲ ಸರಿ ಉಂಟೋ ಎಂದು ಅದು ನೋಡಿಕೊಳ್ಳುವ ಹೊತ್ತದು. ಆಮೇಲೆ ಒಳಗಿನ ರಿಲೇ ‘ಟಕ್’ ಎನ್ನುತ್ತದೆ, ಸ್ಪೀಕರಿಗೆ ದಾರಿ ಬಿಡುತ್ತದೆ. ಆ ಟಕ್ ಕೇಳುವವರೆಗೆ ಮಾವ ಉಸಿರೂ ಬಿಡುವುದಿಲ್ಲ.

ನಾನು ಬಿಡುತ್ತಿದ್ದೆ. “ಮಾವ, ಎರಡು ಸರಿಯಾದ ಆಂಪ್ಲಿಫೈಯರುಗಳ ನಡುವೆ ವ್ಯತ್ಯಾಸ ಗೊತ್ತಾಗುವುದು ಕಿವಿಗಲ್ಲ. ಹೊತ್ತು ತಂದ ಬೆನ್ನಿಗೆ.”

“ಹಾಗೊ?”

“ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡುವ. ಇದೊಂದು, ಪೇಟೆಯ ಅಗ್ಗದ್ದೊಂದು. ಯಾವುದು ಯಾವುದೆಂದು ಹೇಳಿ ನೋಡುವ.”

“ಆಯ್ತು ಮಾರಾಯ್ತಿ, ನೀನು ಗೆದ್ದೆ. ಈಗ ಬಾಯಿ ಮುಚ್ಚಿ ಹತ್ತು ನಿಮಿಷ ಕೂತುಕೊ.”

ಎದುರಾಳಿ ಇಷ್ಟು ಸುಲಭದಲ್ಲಿ ಸೋತರೆ ಎಷ್ಟು ಕಿರಿಕಿರಿ ಎಂದು ವಾದ ಮಾಡುವವರಿಗೇ ಗೊತ್ತು. ಆ ಹತ್ತು ನಿಮಿಷ ನಾನು ಯಾವತ್ತೂ ಕೂರಲಿಲ್ಲ.

ಕಾಲೇಜಿನ ಅಂತಿಮ ವರ್ಷ ಶುರುವಾಗುವ ಮೊದಲಿನ ಬೇಸಗೆ. ಮಾವ, ಅತ್ತೆ ವರ್ಕಾಡಿಗೆ ಒಂದು ಮದುವೆಗೆ ಹೋಗಿದ್ದರು. ಮನೆ ನೋಡಿಕೊಳ್ಳಲು ನಾನು. ಬಾಯಾರಿನಲ್ಲಿ ಅವರದ್ದು ಕರೆಂಟು ಲೈನಿನ ಕಟ್ಟಕಡೆಯ ಮನೆ. ಬೇಸಗೆಯಲ್ಲಿ ಸುತ್ತಿನ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ ಫ್ಯಾನು ನಮ್ಮ ಎದುರೇ ತೂಕಡಿಸುತ್ತದೆ. ಸ್ಟೆಬಿಲೈಜರು ಹಾಕಿದರೆ ಸ್ವರಕ್ಕೆ ಉಸಿರು ಕಟ್ಟುತ್ತದೆಂದು ಮಾವನ ನಂಬಿಕೆ; ಆಂಪ್ಲಿಫೈಯರಿಗೆ ನೇರ ಕರೆಂಟು. ಆ ಮಧ್ಯಾಹ್ನ ನಾನು ಸ್ವಿಚ್ಚು ಒತ್ತಿ ಐದು ಎಣಿಸಿದೆ, ಐವತ್ತು ಎಣಿಸಿದೆ, ಟಕ್ ಇಲ್ಲ. ವೋಲ್ಟೇಜು ಸಾಲದು; ಫ್ರಿಜ್ಜಿನ ಸ್ಟೆಬಿಲೈಜರಿನ ಮುಳ್ಳು ನೂರೈವತ್ತರಲ್ಲಿತ್ತು.

ಹಿಂದೆ ಬಗ್ಗಿ ನೋಡಿದರೆ ಒಂದು ದುಂಡನೆಯ ಬಿರಡೆ, ನಾಣ್ಯ ಇಟ್ಟು ತಿರುಗಿಸುವಂಥದ್ದು. ಒಂದು ಕಡೆ ೧೨೦, ಇನ್ನೊಂದು ಕಡೆ ೨೩೦. ದಮ್ಮಾಮಿನ ಮನೆಯಲ್ಲಿ ಕರೆಂಟು ಕಡಿಮೆ ವೋಲ್ಟಿನದ್ದಾದ್ದರಿಂದ ಅಲ್ಲಿ ಅದು ೧೨೦ರಲ್ಲಿತ್ತು. ಊರಿಗೆ ತಂದ ದಿನ ಮಾವ ೨೩೦ಕ್ಕೆ ತಿರುಗಿಸಿದ್ದರು. ನಾನು ವಾದ ಹೂಡಿದೆ: ಈಗ ಗೋಡೆಯಲ್ಲಿರುವುದು ನೂರೈವತ್ತು. ನೂರೈವತ್ತು ಯಾವುದಕ್ಕೆ ಹತ್ತಿರ? ಎದುರಾಳಿ ಇರಲಿಲ್ಲ, ತೀರ್ಪೂ ನನ್ನದೇ. ಒಂದು ರೂಪಾಯಿ ನಾಣ್ಯದಿಂದ ತಿರುಗಿಸಿದೆ. ಟಕ್.

ಹಾಡಿತು. ಹತ್ತು ನಿಮಿಷ ಹಾಡಿತು. ಆ ಹತ್ತು ನಿಮಿಷದ ವಿಷಯ ಆಮೇಲೆ ಹೇಳುತ್ತೇನೆ. ಆಮೇಲೆ ಕರೆಂಟು ಹೋಯಿತು. ಎರಡು ನಿಮಿಷಕ್ಕೆ ಬಂತು. ಕರೆಂಟು ಹೋದಾಗ ಪಂಪುಗಳ ಸ್ಟಾರ್ಟರೆಲ್ಲ ಬಿದ್ದುಬಿಡುತ್ತವೆ, ಒಬ್ಬೊಬ್ಬರೇ ಹೋಗಿ ಮತ್ತೆ ಒತ್ತಬೇಕು. ಅಷ್ಟರವರೆಗೆ ಇಡೀ ಲೈನಿನಲ್ಲಿ ಪಂಪೇ ಇಲ್ಲ. ಬಂದದ್ದು ತುಂಬಿದ ಇನ್ನೂರ ಮೂವತ್ತು. ನನ್ನ ಬಿರಡೆ ೧೨೦ರಲ್ಲಿ. ಒಳಗಿನಿಂದ ತೆಂಗಿನಕಾಯಿ ಒಡೆದಂಥ ಶಬ್ದ, ಬಳಿಕ ಹೊಗೆ, ಮೀನು ಕೊಳೆತಂಥ ವಾಸನೆ.

ನಾನು ಮಾಡಿದ ಮೊದಲ ಕೆಲಸ ಹೇಳಲೇ? ಬಿರಡೆಯನ್ನು ವಾಪಸು ೨೩೦ಕ್ಕೆ ತಿರುಗಿಸಿದೆ.

ಮಾವ ಬಂದಾಗ ಹೇಳಿದೆ: “ಕರೆಂಟು ಹೋಗಿ ಬಂತು ಮಾವ. ಬರುವಾಗ ಫುಲ್ ವೋಲ್ಟೇಜು ಬಂತು.” ಒಂದು ಅಕ್ಷರ ಸುಳ್ಳಿಲ್ಲ, ಗಮನಿಸಿ. ಮಾವ ಅದರ ನೆತ್ತಿಯ ಮೇಲೆ ಕೈಯಿಟ್ಟು, ಜ್ವರ ನೋಡುವವರ ಹಾಗೆ, ಸುಮಾರು ಹೊತ್ತು ನಿಂತರು. “ಪ್ರಾಯ ಆಯಿತಲ್ಲ ಅದಕ್ಕೂ,” ಎಂದರು. ನನ್ನ ಮೇಲೆ ಸಂಶಯ ಪಡಬಾರದೆ? ಪಡಲಿಲ್ಲ.

ಹೀಗೆ ನಾವು ಜೀಪಿನಲ್ಲಿ ಅದನ್ನು ನಾಯ್ಮಾರ್ಮೂಲೆಗೆ ಹೊತ್ತು ತಂದದ್ದು, ಹಮೀದಿಚ್ಚನ ಬಳಿಗೆ. ಮಹಡಿಯಲ್ಲಿ ಒಂದೇ ಕೋಣೆ, ಬೆಸುಗೆ ಹಾಕುವ ರಾಳದ ಹೊಗೆಯ ವಾಸನೆ, ಮೂಗಿನ ತುದಿಗೆ ಕನ್ನಡಕ. ಹಳೇ ಆಂಪ್ಲಿಫೈಯರು ಬಿಟ್ಟು ಬೇರೇನೂ ಮುಟ್ಟದ ಮನುಷ್ಯ. ಅವರು ಮುಚ್ಚಳ ತೆಗೆದರು. ನಾನು ಬಗ್ಗಿದೆ, ಮತ್ತೆ ಎದ್ದು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಒಡೆದ ಕೆಪಾಸಿಟರು, ಕರಿ, ಅದೆಲ್ಲ ಇತ್ತು. ನಾನು ನೋಡಿದ್ದು ಅದನ್ನಲ್ಲ. ವಯರುಗಳನ್ನು ಕಟ್ಟಿನಲ್ಲಿ ಸೇರಿಸಿ ಮೇಣದ ನೂಲಿನಿಂದ ಬಿಗಿದಿದ್ದರು, ಹೆರಳು ಹೆಣೆದ ಹಾಗೆ, ಗಂಟಿನಿಂದ ಗಂಟಿಗೆ ಒಂದೇ ಅಂತರ. ಪ್ರತಿ ಸ್ಕ್ರೂವಿನ ತಲೆಗೂ ಒಂದು ಕೆಂಪು ಬೊಟ್ಟು: ಬಿಗಿ ಮಾಡಿದ್ದೇನೆ, ಬಿಗಿ ಮಾಡಿದ್ದೇನೆ ಎಂದು ಯಾರೋ ಒಬ್ಬರು ಒಂದೊಂದಕ್ಕೂ ಇಟ್ಟ ಸಾಕ್ಷಿ. ಮುಚ್ಚಳ ಹಾಕಿದ ಮೇಲೆ ಯಾರೂ ನೋಡದ ಜಾಗ. ಚಪ್ಪಾಳೆ ಬೀಳದಲ್ಲಿ ನಾನು ಒಂದು ವಾಕ್ಯವನ್ನಾದರೂ ಇಷ್ಟು ಅಚ್ಚುಕಟ್ಟಾಗಿ ಆಡಿದ್ದೇನೆಯೇ ಎಂದು ಯೋಚನೆ ಬಂತು.

ಮಾವ ಚಹಾ ಹೇಳಲು ಕೆಳಗೆ ಹೋದರು. ಹಮೀದಿಚ್ಚ ಹಿಂಬದಿಗೆ ಟಾರ್ಚು ಬಿಟ್ಟರು. ವರ್ಷಗಳ ಧೂಳಿನ ನಡುವೆ ಬಿರಡೆಯ ಗೀರು ಮಾತ್ರ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

“ಮೋಳೇ,” ಎಂದರು, ಮಗಳೇ ಎಂಬಂತೆ, “ತಿರುಗಿಸಿದ್ದು ಯಾರು?”

ನಾನು ಶುರು ಮಾಡಿದೆ. ಗೋಡೆಯಲ್ಲಿ ನೂರೈವತ್ತೇ ಇತ್ತು, ಹಾಗಿರುವಾಗ ತರ್ಕಕ್ಕೆ ಸರಿಯಾಗಿ… ಅವರು ಪೂರ್ತಿ ಕೇಳಿದರು.

“ಲಾಯಕ್ಕಾಗಿ ಹೇಳ್ತೀರಿ. ಇದನ್ನೇ ಟ್ರಾನ್ಸ್‌ಫಾರ್ಮರಿಗೂ ಒಮ್ಮೆ ಹೇಳಿ ನೋಡಿ. ಒಪ್ಪಿದರೆ ನನ್ನ ಕೆಲಸ ಕಡಿಮೆ ಆಯ್ತು.” ಆಮೇಲೆ ಮೆಲ್ಲಗೆ: “ಅದೊಂದು ಸುಟ್ಟಿದ್ದರೆ ಮುಗಿಯಿತು. ಬೇರೆ ಸಿಗುವುದಿಲ್ಲ. ನಿಮ್ಮ ಮಾವ ಭಟ್ರಿಗೆ ನೀವೇ ಹೇಳಿ. ನಾನು ಹೇಳುವುದಿಲ್ಲ.”

ಟ್ರಾನ್ಸ್‌ಫಾರ್ಮರು ಬದುಕಿತ್ತು. ಉಳಿದದ್ದಕ್ಕೆ ತಿಂಗಳುಗಳು ಹಿಡಿದವು. ಕಾಲೇಜಿನಿಂದ ಬರುವಾಗ ನಾನು ಬಸ್ಸಿಳಿದು ಅಲ್ಲಿ ಹೋಗಿ ಕೂರುತ್ತಿದ್ದೆ. ಪಶ್ಚಾತ್ತಾಪ ಎನ್ನಿ ಬೇಕಾದರೆ. ಒಂದು ದಿನ ಹೊಸ ಟ್ರಾನ್ಸಿಸ್ಟರುಗಳು ಬಂದವು, ಮೇಲೆ ಜಪಾನಿನ ಕಂಪೆನಿಯ ಹೆಸರು, ನಂಬರು ಎಲ್ಲ ಸರಿ. ಹಮೀದಿಚ್ಚ ಒಂದನ್ನು ತಕ್ಕಡಿಯಲ್ಲಿಟ್ಟರು, ತೂಕ ಸಾಲದೆಂದು ಮುಖ ಸಿಂಡರಿಸಿ, ಇಕ್ಕಳದಿಂದ ಅದರ ತಲೆ ಒಡೆದರು. ಇರಬೇಕಾದ ದೊಡ್ಡ ತುಣುಕಿನ ಜಾಗದಲ್ಲಿ ಸಾಸಿವೆಯಷ್ಟು ಏನೋ ಒಂದು. “ಕಳ್ಳಮಾಲು. ಹೆಸರು ಯಾರು ಬೇಕಾದರೂ ಬರೀಬಹುದು.” ಅಷ್ಟನ್ನೂ ವಾಪಸು ಕಳಿಸಿದರು. ಮುಂದಿನ ಕಂತಿನಲ್ಲಿ ಬಂದದ್ದನ್ನು ಒಂದೊಂದಾಗಿ ಅಳೆದು, ಒಂದೇ ಗುಣದ ಜೋಡಿ ಸಿಗುವವರೆಗೆ ಬಿಡಲಿಲ್ಲ. ನಾನು ಸಂಶಯವಾದಿ ಎಂದು ಬೀಗುತ್ತಿದ್ದವಳು. ಈ ಮನುಷ್ಯನ ಸಂಶಯದ ಎದುರು ನನ್ನದು ಬರೀ ಬಾಯಿ. ನಾನು ಸಂಶಯಪಟ್ಟು ಅಲ್ಲಿಗೇ ಬಿಡುತ್ತಿದ್ದೆ. ಅವರು ಅಲ್ಲಿಂದ ಕೆಲಸ ಶುರು ಮಾಡುತ್ತಿದ್ದರು.

ಕೊನೆಯ ದಿನ ಮಾವನೂ ಬಂದರು. ಆಗ ನೋಡಿದೆ ಆ ಬಲ್ಬನ್ನು. ರಿಪೇರಿಯಾದ ಆಂಪ್ಲಿಫೈಯರಿಗೆ ಹಮೀದಿಚ್ಚ ನೇರ ಕರೆಂಟು ಕೊಡುವುದಿಲ್ಲ. ನಡುವೆ ನೂರು ವಾಟಿನ ಬಲ್ಬೊಂದರ ಮೂಲಕ ಹಾಯಿಸುತ್ತಾರೆ. ಒಳಗೆ ಎಲ್ಲಾದರೂ ಶಾರ್ಟ್ ಉಳಿದಿದ್ದರೆ ಬಲ್ಬು ಝಗ್ಗೆಂದು ಉರಿಯುತ್ತಲೇ ಇರುತ್ತದೆ, ಹೊಡೆತವನ್ನೆಲ್ಲ ತಾನೇ ತಿಂದು ಆಂಪ್ಲಿಫೈಯರನ್ನು ಉಳಿಸುತ್ತದೆ. ಎಲ್ಲ ಸರಿ ಇದ್ದರೆ ಒಮ್ಮೆ ಬೆಳಗಿ ಮೆಲ್ಲಗೆ ಮಂಕಾಗುತ್ತದೆ. ಈ ಎಲ್‌ಇಡಿಗೆ ಅದು ಬರುವುದಿಲ್ಲ.

ಸ್ವಿಚ್ಚು ಹಾಕಿದರು. ಬಲ್ಬು ಬೆಳಗಿತು. ಮೂವರ ಮುಖವೂ ಹಳದಿ. ಒಂದು ಬೆಳಕು ಆರಲಿ ಎಂದು ನಾನು ಬೇಡಿಕೊಂಡೆ. ಯಾರನ್ನು ಎಂದು ಕೇಳಬೇಡಿ, ಪುರಾವೆ ಇಲ್ಲ. ತಂತಿ ಬಿಳಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಇಳಿಯಿತು. ಕೊನೆಗೆ ಊದುಬತ್ತಿಯ ಕಿಡಿಯಷ್ಟಾಗಿ ಉಳಿಯಿತು. ಬಲ್ಬು ತೆಗೆದು ನೇರ ಕರೆಂಟು ಕೊಟ್ಟರು. ಐದು ಸೆಕೆಂಡು. ಟಕ್.

ಮಾವ ಕಣ್ಣೊರೆಸಿಕೊಂಡು ಕೇಳಿದರು, “ಆದದ್ದು ಎಂತ ಹಮೀದಿಚ್ಚ?”

ಹಮೀದಿಚ್ಚ ನನ್ನತ್ತ ನೋಡಿದರು. ವೇದಿಕೆ ನನ್ನದು, ಸಮಯ ನನ್ನದು. ನನ್ನ ಬಾಯಿ ತೆರೆಯಲಿಲ್ಲ.

ಹಾಗೆ ನಾಲ್ಕು ವರ್ಷ. ಮೊನ್ನೆ ಎರಡು ಬಲ್ಬು ಹಿಡಿದು ಹಮೀದಿಚ್ಚನ ಮಹಡಿ ಹತ್ತಿದೆ. ಅವರಲ್ಲಿದ್ದದ್ದು ಕೆಳಗೆ ಬಿದ್ದು ಒಡೆದಿದೆ, ಎಲ್ಲಿಯೂ ಸಿಗುವುದಿಲ್ಲ ಎಂದು ಕೇಳಿದ್ದೆ. ಹಮೀದಿಚ್ಚ ಎರಡನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದರು. “ಭಟ್ರಿಗೆ ಹೇಳಿದಿರಾ?”

“ಇಲ್ಲ.”

ಒಂದನ್ನು ನನ್ನ ಕೈಗೇ ವಾಪಸು ಇಟ್ಟರು. “ಇದು ಹೇಳಿದ ಮೇಲೆ ತನ್ನಿ.”

ನಿನ್ನೆ ಭಾನುವಾರ ಬಾಯಾರಿಗೆ ಹೋದೆ. ಮಾವ ಕೈ ತೊಳೆದು ಪಂಚೆಗೆ ಒರೆಸುತ್ತಿದ್ದರು. ಹೇಳಿಬಿಟ್ಟೆ: ನಾಣ್ಯ, ಬಿರಡೆ, ನೂರೈವತ್ತು, ಹತ್ತು ನಿಮಿಷ ಹಾಡಿದ್ದು, ವಾಪಸು ತಿರುಗಿಸಿದ್ದು. ಪರ ವಿರೋಧ ಯಾವುದೂ ಇಲ್ಲದೆ ನಾನು ಆಡಿದ ಮೊದಲ ಮಾತು ಅದಿರಬೇಕು. ಮಾವ ಕುರ್ಚಿಯಲ್ಲಿ ಕೂತರು. ನಾನು ಎಲ್ಲದಕ್ಕೂ ತಯಾರಾಗಿದ್ದೆ, ಇದೊಂದನ್ನು ಬಿಟ್ಟು:

“ಆ ಹತ್ತು ನಿಮಿಷ ಹೇಗೆ ಕೇಳಿತು?”

“ಎಂತ?”

“೧೨೦ರಲ್ಲಿಟ್ಟು ನೂರೈವತ್ತು ಕೊಟ್ಟೆಯಲ್ಲ, ಹೆಚ್ಚು ವೋಲ್ಟೇಜಿನಲ್ಲಿ ಹಾಡಿತಲ್ಲ. ಸತ್ಯ ಹೇಳು, ಹೇಗಿತ್ತು?”

ಈಗ ನಿಮಗೂ ಹೇಳುತ್ತೇನೆ. ಒಬ್ಬ ಹೆಂಗಸು ಹಾಡುವ ಮೊದಲು ಎಳೆದುಕೊಂಡ ಉಸಿರು ಕೋಣೆಯೊಳಗೆ, ನನ್ನ ಎಡಗಡೆಯಿಂದ ಕೇಳಿತ್ತು. ನಾನು ತಿರುಗಿ ನೋಡಿದ್ದೆ. ವೋಲ್ಟೇಜು ಹೆಚ್ಚಿದ್ದರಿಂದಲೋ, ನಾನು ಮೊದಲ ಸಲ ಬಾಯಿ ಮುಚ್ಚಿ ಕೂತದ್ದರಿಂದಲೋ ಎಂದು ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷಿಸಲು ಆ ಹತ್ತು ನಿಮಿಷ ಇನ್ನು ಸಿಗುವುದಿಲ್ಲ.

“ಅಷ್ಟು ಚಂದ ನಾನು ಜನ್ಮದಲ್ಲಿ ಏನನ್ನೂ ಕೇಳಿಲ್ಲ ಮಾವ.”

“ನೋಡು,” ಎಂದರು ಮಾವ, ಹೊಟ್ಟೆಯುರಿಯಿಂದಲೇ. “ಇಷ್ಟು ವರ್ಷ ಸಾಕಿದ್ದು ನಾನು. ಅದು ಹಾಗೆ ಹಾಡುವಾಗ ನಾನು ವರ್ಕಾಡಿಯಲ್ಲಿ ಪಾಯಸ ಉಣ್ಣುತ್ತಿದ್ದೆ!”

ಒಳಗಿನಿಂದ ಅತ್ತೆ: “ಸುಟ್ಟವಳ ಹತ್ತಿರ ರುಚಿ ಕೇಳುವ ಗಂಡಸು ಇವರೊಬ್ಬರೇ!”

ಮಾವ ಎದ್ದು ಸ್ವಿಚ್ಚು ಒತ್ತಿ ಬಂದು ಕೂತರು. ನನ್ನ ಕಡೆ ನೋಡಲಿಲ್ಲ. ಪಕ್ಕದ ಕುರ್ಚಿಯನ್ನು ಕಾಲಿನಿಂದ ಸ್ವಲ್ಪ ಈಚೆಗೆ ತಳ್ಳಿದರು. ನಾನು ಚೀಲದಲ್ಲಿದ್ದ ಬಲ್ಬನ್ನು ಜೋಪಾನವಾಗಿ ಮಡಿಲಲ್ಲಿಟ್ಟುಕೊಂಡು ಕೂತೆ. ಒಂದು, ಎರಡು, ಮೂರು. ಇಬ್ಬರೂ ಉಸಿರು ಬಿಡಲಿಲ್ಲ.