ಧನುರ್ಮಾಸದಲ್ಲಿ ಹೀಟ್ ಪಂಪು

೨೦೨೫ರ ಡಿಸೆಂಬರ್. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿ ನಾನು ತೆರಿಗೆ ಸಲಹೆಗಾರ. ಬೇರೆಯವರ ಚಿಂತೆಯನ್ನು ಶುಲ್ಕ ಪಡೆದು ಮಾಡುತ್ತೇನೆ, ನನ್ನದನ್ನು ಪುಕ್ಕಟೆಯಾಗಿ.

ಮೆನ್ಲೋ ಪಾರ್ಕಿನ ಎಂಜಿನಿಯರ್ ರಘುನಂದನ್ ನನ್ನ ಹಳೆಯ ಕಕ್ಷಿದಾರರು. ದೇವಸ್ಥಾನ ಹತ್ತಿರವೆಂದು ಲಿವರ್‌ಮೋರಿನಲ್ಲಿ ಇನ್ನೊಂದು ಮನೆ ಕೊಂಡಿದ್ದರು. ಬಾಡಿಗೆಗೆ ಕೊಟ್ಟಿರಲಿಲ್ಲ, ರಜೆ ಬಂದರೆ ತಾಯಿಯೊಂದಿಗೆ ತಾವೇ ಹೋಗಿ ಇರುತ್ತಿದ್ದರು. ಅಲ್ಲಿನ ಗ್ಯಾಸ್ ಹೀಟರು ಕೆಟ್ಟಾಗ, ಹೀಟ್ ಪಂಪು ಹಾಕಿಸಿ ಎಂದು ಅಕ್ಟೋಬರಿನಲ್ಲಿ ನಾನೇ ಹೇಳಿದ್ದೆ. ಹೊರಗಿನ ಗಾಳಿಯ ಶಾಖವನ್ನೇ ಎಳೆದು ಒಳಗೆ ತರುವ ವಿದ್ಯುತ್ ಯಂತ್ರವದು. ಇಂಧನ ಉಳಿಸುವ ಕಿಟಕಿ, ಬಾಗಿಲುಗಳಿಗೆ ತೆರಿಗೆ ರಿಯಾಯಿತಿ ಸಿಗುವುದು ಮುಖ್ಯ ಮನೆಗೆ ಮಾತ್ರ. ಹೀಟ್ ಪಂಪಿಗಾದರೆ ಎರಡನೇ ಮನೆಯೂ ನಡೆಯುತ್ತದೆ. ಖರ್ಚಿನ ಶೇಕಡಾ ಮೂವತ್ತು, ಹೆಚ್ಚೆಂದರೆ ಎರಡು ಸಾವಿರ ಡಾಲರ್. ಆದರೆ ಡಿಸೆಂಬರ್ ೩೧ಕ್ಕೆ ಆ ಸೌಲಭ್ಯವೇ ಮುಗಿಯಲಿತ್ತು.

೨೨ರಂದು ಫೋನ್ ಮಾಡಿದೆ. ಅವರು ಲಿವರ್‌ಮೋರಿನಲ್ಲೇ ಇದ್ದರು.

"ಪೂರ್ತಿ ದುಡ್ಡು ಕಟ್ಟಿದೀನಿ ಮೂರ್ತಿಯವ್ರೇ. ಸಂಕ್ರಾಂತಿ ಆದ್ಮೇಲೆ ಬಂದು ಹಾಕ್ತಾರೆ."

"ಕಟ್ಟಿದ್ರೆ ಸಾಲದು ರೀ! ಮೂವತ್ತೊಂದರೊಳಗೆ ಪಂಪು ಕೂತು, ಓಡೋ ಹಾಗಿರ್ಬೇಕು."

"ಧನುರ್ಮಾಸ ಅಲ್ವಾ, ಹೊಸ ಕೆಲಸ ಶುರು ಮಾಡಬಾರ್ದು. ನಂಗೇನೂ ನಂಬಿಕೆ ಇಲ್ಲಪ್ಪ. ಅಮ್ಮ ಒಪ್ಪಲ್ಲ."

"ಕೇಳಿದ್ರಾ ಅವರನ್ನ?"

"ಕೇಳೋದೇನು, ಗೊತ್ತಲ್ಲ."

ನಾನು ಅಕ್ಟೋಬರಿನಲ್ಲಿ ಕೊನೆಯ ದಿನಾಂಕವನ್ನಷ್ಟೇ ಹೇಳಿದ್ದೆ, ಅಳವಡಿಕೆಯೂ ಅಷ್ಟರೊಳಗೆ ಮುಗಿಯಬೇಕೆಂದು ಬಿಡಿಸಿ ಹೇಳಿರಲಿಲ್ಲ. ನಾಳಿನ ಭೂಕಂಪಕ್ಕೂ ಇವತ್ತೇ ಬೆವರುವ ನಾನು, ನಿಜವಾಗಿ ಬೆವರಬೇಕಾದ ಕಡೆ ನಿಶ್ಚಿಂತೆಯಿಂದಿದ್ದೆ. ತಪ್ಪಿನ ಅಳುಕಿಗೆ, ತಾಯಿಗೆ ಫೋನ್ ಕೊಡಿ ಎಂದೆ. ಎಂಬತ್ತು ದಾಟಿದ ಪದ್ಮಮ್ಮನವರ ಮುಂದೆ ಐದು ನಿಮಿಷ ಬರೀ ಪೀಠಿಕೆ ಹಾಕಿದೆ.

"ಅಲ್ಲಪ್ಪಾ, ಕೆಟ್ಟಿದ್ದನ್ನ ಸರಿ ಮಾಡ್ಸೋಕೂ ಮುಹೂರ್ತ ಬೇಕೇ?" ಎಂದರು ಅವರು. "ಸೂರ್ಯ ಹುಟ್ಟೋ ಮುಂಚೆ ಪೂಜೆಗೆ ಕೂರೋಳು ನಾನು. ಎರಡು ಸ್ವೆಟರ್ ಹಾಕ್ಕೊಂಡು ನಡುಗ್ತಾ ಇದೀನಿ. ಇವ್ನು ನನ್ನ ಹೆಸ್ರು ಹೇಳಿ ನನ್ನನ್ನೇ ಚಳೀಲಿ ಕೂರ್ಸಿದಾನೆ!"

ಪುಣ್ಯಕ್ಕೆ ಕಂಟ್ರಾಕ್ಟರಿಗೆ ಮೂವತ್ತರಂದು ಬಿಡುವಿತ್ತು. ಅಷ್ಟರೊಳಗೆ ನಾನು ಆ ಕಂಟ್ರಾಕ್ಟರಿಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಐದನೆಯದನ್ನು ಅವರು ಎತ್ತಲಿಲ್ಲ.

ಮೂವತ್ತೊಂದರ ಬೆಳಿಗ್ಗೆ ರಘುನಂದನ್ ಒಂದು ಫೋಟೋ ಕಳಿಸಿದರು. ನಾನು ಕೇಳಿದ್ದು ಯಂತ್ರದ ಮಾಡೆಲ್ ನಂಬರಿನ ಫೋಟೋ. ಬಂದದ್ದು, ಸ್ವೆಟರಿಲ್ಲದೆ ದೇವರ ಮುಂದೆ ಹುಗ್ಗಿಯ ಪಾತ್ರೆ ಇಡುತ್ತಿದ್ದ ಪದ್ಮಮ್ಮ. ತೆರಿಗೆ ಇಲಾಖೆಗೆ ಅದು ಸಾಕ್ಷ್ಯವಾಗದು; ಆದರೂ ಕಡತದಲ್ಲಿ ಇಟ್ಟುಕೊಂಡಿದ್ದೇನೆ.

ನಿಯಮ ಓದುವುದು ಈ ಕೆಲಸದ ಅರ್ಧ ಮಾತ್ರ ಎಂದು ಅಂದು ತಿಳಿಯಿತು. ಈಗ ಯಾರಾದರೂ "ಅಮ್ಮ ಒಪ್ಪಲ್ಲ" ಎಂದರೆ, ರಸೀದಿಗಿಂತ ಮೊದಲು ನಾನು ಕೇಳುವುದು ಅಮ್ಮನ ಫೋನ್ ನಂಬರು.